ತೋಳಿನ ಒಳಮಗ್ಗುಲು

ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಸಣ್ಣವರಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಹಾಗಾದದ್ದಂತೆ. ಆಮೇಲೆ ಆ ಉಗುರು ಎಷ್ಟು ಬೆಳೆದರೂ ಎರಡು ಪಾಲಾಗಿಯೇ ಬೆಳೆಯಿತು, ದಪ್ಪಗೆ, ಹಳದಿಗೆ ತಿರುಗಿ, ಹಲಸಿನ ಬೀಜದ ಒಣಸಿಪ್ಪೆಯ ಹಾಗೆ. ಅದರಿಂದ ಅವರು ಈಶಾಡು ಮಾವಿನಹಣ್ಣಿನ ಸಿಪ್ಪೆಯನ್ನು ಚಾಕು ಮುಟ್ಟದೆ ಉದ್ದಕ್ಕೆ ಎಳೆದು ತೆಗೆಯುತ್ತಿದ್ದರು. ಹೊಸ ಪುಸ್ತಕದಲ್ಲಿ ಅಂಟಿಕೊಂಡ ಹಾಳೆಗಳನ್ನು ಹರಿಯದಂತೆ ಬಿಡಿಸಿ ಕೊಡುತ್ತಿದ್ದರು. ನಮ್ಮನ್ನು ಚಿವುಟುತ್ತಿದ್ದದ್ದೂ ಅದೇ ಉಗುರಿನಿಂದ.

ಬೇರೆ ಮಾಸ್ತರರು ಕೋಲು ಹಿಡಿದು ಬರುತ್ತಿದ್ದರು. ಇವರು ಬರಿಗೈಯಲ್ಲಿ ಬರುತ್ತಿದ್ದರು, ಆದರೂ ಇವರಿಗೇ ಹೆಚ್ಚು ಹೆದರುತ್ತಿದ್ದೆವು. ಚಿವುಟುವ ಜಾಗ ನಿಗದಿಯಾಗಿತ್ತು. ತೋಳಿನ ಒಳಮಗ್ಗುಲು, ಕಂಕುಳಿನಿಂದ ತುಸು ಕೆಳಗೆ, ಅಂಗಿಯ ತೋಳು ಮುಚ್ಚುವ ಕಡೆ. ಅಲ್ಲಿ ಚರ್ಮ ಮೆತ್ತಗಿರುತ್ತದೆ. ಸೀಳುಗುರು ಅಲ್ಲಿ ಊರಿದರೆ ಎರಡು ಸಣ್ಣ ಗೆರೆ ಮೂಡಿ, ನಡುವೆ ಒಂದು ಚೂರು ಜಾಗ ಉಳಿಯುತ್ತಿತ್ತು. ನಾವು ಅದಕ್ಕೆ ಒಡೆದ ಚಂದ್ರ ಎಂದು ಹೆಸರಿಟ್ಟಿದ್ದೆವು. ನೀರು ಕುಡಿಯಲು ಬಿಟ್ಟಾಗ ತೋಳು ಮಡಚಿ ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದೆವು. ಸ್ನಾನ ಮಾಡಿಸುವಾಗ ನನ್ನ ಅವ್ವ ಅದನ್ನು ನೋಡಿದಳು. ನೋಡಿ, "ಚಲೋ ಆಯ್ತು, ಮಾಸ್ತರ್ರು ನಿನ್ ಮೇಲೆ ಲಕ್ಷ್ಯ ಇಟ್ಟಾರೆ" ಎಂದು ಮೇಲಿಂದ ಬಿಸಿನೀರು ಹೊಯ್ದಳು. ಉರಿಗೆ ನಾನು ಕುಣಿದಾಡಿದ್ದು ಈಗಲೂ ನೆನಪಿದೆ.

ಇಷ್ಟು ಓದಿ ಅವರೊಬ್ಬ ಕೆಟ್ಟ ಮನುಷ್ಯ ಎಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಈಗಲೂ ಬರುತ್ತದೆ, ಏನು ಮಾಡಲಿ. ನಮ್ಮದು ಅಂಕೋಲೆಯಿಂದ ಬಾಳೆಗುಳಿ ದಾಟಿ ಸ್ವಲ್ಪ ಒಳಗಿನ ಹಳ್ಳಿ. ಏಳನೆಯ ಇಯತ್ತೆ ಮುಗಿದ ಹುಡುಗಿಯರು ಸಸಿ ನೆಡಲು ಗದ್ದೆ ನೆಟ್ಟಿಗೆ ಇಳಿಯುವುದು ಅಲ್ಲಿಯ ವಾಡಿಕೆ. ನನ್ನನ್ನೂ ಅಪ್ಪ ಇಳಿಸಿಯಾಗಿತ್ತು. ಒಂದು ಸಂಜೆ ಮಾಸ್ತರರು ಬಂದು ನಮ್ಮ ಜಗಲಿಯ ಮೇಲೆ ಕೂತರು. ಅವ್ವ ಚಾ ತಂದಿಟ್ಟಳು. ಅವರು ಲೋಟ ಮುಟ್ಟಲಿಲ್ಲ.

"ಚಾ ಆರಿ ಹೋಯ್ತು ಮಾಸ್ತರೆ" ಎಂದ ಅಪ್ಪ.

"ಆರ್ಲಿ. ನೀ ಹ್ಞೂಂ ಅಂದ್ಮೇಲೆ ಬಿಸಿ ಮಾಡ್ಸು."

"ಹೆಣ್ಣು ಹುಡ್ಗಿ ಕಲ್ತು ಏನು ಮಾಡೂದದೆ?"

"ಅದು ಗೊತ್ತಿದ್ರೆ ನಾನೇ ಹೇಳ್ತಿದ್ದೆ. ಕಲ್ತ ಮೇಲೆ ಅವ್ಳೇ ಹೇಳ್ತಾಳೆ, ಕೇಳು."

ಅಪ್ಪ ಕತ್ತಲಾಗುವವರೆಗೆ ತಡೆದ. ಕಡೆಗೆ ಸೋತು, ಒಳಗೆ ತಿರುಗಿ, ಚಾ ಬಿಸಿ ಮಾಡು ಎಂದ. ನನ್ನ ಓದು ಮುಂದುವರಿದದ್ದು ಹೀಗೆ. ಹೈಸ್ಕೂಲು ಮುಗಿದು ನರ್ಸಿಂಗಿಗೆ ಸೇರುವಾಗ ಕಾರವಾರದ ಬಸ್ಸು ಹತ್ತಿ ನನ್ನ ಜೊತೆಗೆ ಬಂದವರೂ ಮಾಸ್ತರರೇ. ಆಸ್ಪತ್ರೆಯ ವಾಸನೆಗೆ ನನಗೆ ತಲೆ ತಿರುಗಿತು. ಗೋಡೆ ಹಿಡಿದು ನಿಂತೆ. ಅವರು ಪಕ್ಕಕ್ಕೆ ಬಂದು ಮೆಲ್ಲಗೆ, "ಹೆದ್ರಿಕೆ ಆದ್ರೆ ಆಗ್ಲಿ ತಂಗೀ. ಕೈ ಮಾತ್ರ ನಡಗೂದು ಬೇಡ" ಎಂದರು. ಮೊದಲ ಇಂಜೆಕ್ಷನ್ ಕೊಟ್ಟ ದಿನ ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಕೊಟ್ಟೆ.

ಅವರ ಹೆಂಡತಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ಸಂಜೆ ಅವರ ಮನೆಯಲ್ಲಿ ಪಾಠವಿದ್ದಾಗ ಅಮ್ಮ ಅವಲಕ್ಕಿಗೆ ಬೆಲ್ಲ, ಕಾಯಿ ಹಾಕಿ ಕಲಸಿಕೊಂಡು ಬರುತ್ತಿದ್ದರು. ಮಾಸ್ತರರು ಒಂದು ಮಾತು ಆಡುವುದರೊಳಗೆ ಅವರು ಹತ್ತು ಆಡುತ್ತಿದ್ದರು, ಅದರಲ್ಲಿ ಒಂಬತ್ತು ಗಂಡನನ್ನು ಕೆಣಕುವ ಮಾತು. "ಮಕ್ಕಳ ತೋಳು ಕಿತ್ತು ಕೈಗೆ ಕೊಡ್ಬೇಡ್ರಿ ಮತ್ತೆ" ಎನ್ನುವರು. ನಮ್ಮನ್ನು ಒಳಗೆ ಕರೆದು ಚಿವುಟಿದ ಜಾಗಕ್ಕೆ ತೆಂಗಿನೆಣ್ಣೆ ಸವರುವರು. "ಇವ್ರಿಗೆ ಪ್ರೀತಿ ಬಂದ್ರೂ ಚಿವುಟೂದೇ, ಸಿಟ್ಟು ಬಂದ್ರೂ ಚಿವುಟೂದೇ. ಯಾವ್ದು ಯಾವ್ದು ಅಂತ ನಂಗೇ ಇನ್ನೂ ತಿಳೀಲಿಲ್ಲ" ಎಂದು ನಗುವರು. ನಾವೂ ನಗುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಂಕೋಲೆಯಲ್ಲಿ ಅವರಿಗೊಂದು ಗುರುವಂದನೆ ಇಟ್ಟುಕೊಂಡೆವು. ಶಾಲು, ಹಾರ, ಹಣ್ಣಿನ ಬುಟ್ಟಿ. ಕಾರವಾರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಿಸ್ಟರ್ ಆಗಿದ್ದೇನೆಂದು ನನ್ನನ್ನೂ ವೇದಿಕೆಗೆ ಕರೆದರು. ನನ್ನ ಬಾಯಿ ಮೊದಲೇ ಜೋರು, ಕೈಗೆ ಮೈಕು ಬೇರೆ ಸಿಕ್ಕಿತು. "ಮಾಸ್ತರರು ಅವತ್ತು ಚಿವುಟದೇ ಹೋಗಿದ್ದರೆ ನಾನು ಇವತ್ತೂ ಗದ್ದೆಯಲ್ಲೇ ಬಗ್ಗಿರುತ್ತಿದ್ದೆ. ಈಗಿನ ಮಕ್ಕಳಿಗೆ ಅಂಥ ಚಿವುಟು ಸಿಗುತ್ತಿಲ್ಲ, ಅದಕ್ಕೇ ಹೀಗಾಗಿದ್ದಾರೆ" ಎಂದೆ. ಸಭೆ ಚಪ್ಪಾಳೆ ಹೊಡೆಯಿತು. ಮಾಸ್ತರರು ನಗುತ್ತ ಹೆಬ್ಬೆರಳು ಎತ್ತಿ ತೋರಿಸಿದರು, ಆಗ ಇನ್ನೂ ದೊಡ್ಡ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದರು. ಎಲ್ಲರದೂ ನಿಂತ ಮೇಲೂ ಅವರ ಚಪ್ಪಾಳೆ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ ಅವರ ಕೈ ಹಿಡಿದಳು. ಅಮ್ಮನಿಗೆ ಖುಷಿ ಹೆಚ್ಚಾಗಿದೆ ಎಂದುಕೊಂಡು ನಾವು ನಕ್ಕೆವು.

ಅದು ಖುಷಿಯಲ್ಲ ಎಂಬುದು ಆಮೇಲೆ ತಿಳಿಯಿತು. ಅಮ್ಮನಿಗೆ ಮರೆವು ಶುರುವಾಗಿತ್ತು. ಮೊದಮೊದಲು ಉಪ್ಪು ಹಾಕಿದ ಸಾರಿಗೇ ಮತ್ತೆ ಮತ್ತೆ ಉಪ್ಪು ಹಾಕಿದರು. ಬರಬರುತ್ತ ಮನೆಯೇ ಅವರಿಗೆ ಬೇರೆಯವರ ಮನೆಯಾಯಿತು. ಅವರ ತವರು ರಾಮನಗುಳಿ. ಊಟವಾದ ಮೇಲೆ ಸೆರಗು ಸರಿಮಾಡಿಕೊಂಡು, ರಾಮನಗುಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೊರಟುಬಿಡುವರು. ಬಾಳೆಗುಳಿ ಕ್ರಾಸಿನವರೆಗೆ ನಡೆದು, ಹೈವೇಯ ನಡುವೆ ನಿಂತು, ಅದಿರು ಲಾರಿಗಳಿಗೆ ಕೈ ಮಾಡಿದ್ದೂ ಉಂಟಂತೆ. ಮಾಸ್ತರರು ಚಪ್ಪಲಿ ಸಹ ಮೆಟ್ಟದೆ ಹಿಂದೆ ಓಡಿ ಎಳೆದುಕೊಂಡು ಬರುವರು. ಅವರಿಗೂ ಎಂಬತ್ತರ ಹತ್ತಿರ ವಯಸ್ಸು.

ಮನೆಯಲ್ಲಿ ಮಗ, ಸೊಸೆ ಇದ್ದರು. ಮಗನಿಗೆ ಕಾರವಾರದಲ್ಲಿ ನೌಕರಿ, ಸೊಸೆಗೆ ಅಂಕೋಲೆಯ ಸೊಸೈಟಿಯಲ್ಲಿ. ಹಗಲು ಮನೆಯಲ್ಲಿ ಉಳಿಯುವವರು ಇವರಿಬ್ಬರೇ. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಡೋಣವೆಂದರೆ ಮಾಸ್ತರರು ಕೇಳಲಿಲ್ಲ. "ನನ್ನ ಹೆಂಡ್ತಿ. ನಾ ನೋಡ್ಕಂತೆ. ಬೇರೆಯವ್ರ ಕೈಗೆ ಕೊಡೂದಿಲ್ಲ" ಎಂದುಬಿಟ್ಟರು. ತಾವೇ ತಲೆ ಬಾಚಿ ಹೆರಳು ಹಾಕುತ್ತಿದ್ದರು, ಹೆರಳಿಗೆ ಅಬ್ಬಲಿಗೆ ಮುಡಿಸುತ್ತಿದ್ದರು. ಊರೆಲ್ಲ ಅದೇ ಸುದ್ದಿ. ನಾನು ಮದುವೆಯಾಗಿ ಬಂದದ್ದು ಕಾರವಾರದ ಹತ್ತಿರದ ಕದ್ವಾಡಕ್ಕೆ. ಅಲ್ಲಿ ನನ್ನ ಅತ್ತೆಯ ಮುಂದೆ ಕೂತು, ಗಂಡಸು ಅಂದರೆ ನಮ್ಮ ಮಾಸ್ತರರ ಹಾಗಿರಬೇಕು ಎಂದು ನನ್ನ ಗಂಡನಿಗೆ ಕೇಳಿಸುವಂತೆ ಹೇಳಿದ್ದೆ.

ಒಮ್ಮೆ ಫೋನಿನಲ್ಲಿ ಮಾಸ್ತರರು, "ದಿನಾ ಬೆಳಿಗ್ಗೆ ನಾ ಅವ್ಳಿಗೆ ಪಾಠ ತಗಂತೆ ತಂಗೀ" ಎಂದರು. "ಮಗನ ಹೆಸ್ರು, ಸೊಸೆ ಹೆಸ್ರು, ಊರು, ವಾರ. ಬಾಯಿಪಾಠ. ಮರೆವು ಅಂದ್ರೆ ಮತ್ತೇನು, ಅಭ್ಯಾಸ ತಪ್ಪಿದ್ದು ಅಷ್ಟೇ." ಅದು ಅಭ್ಯಾಸ ತಪ್ಪಿದ್ದಲ್ಲ, ಮೆದುಳಿನ ಕಾಯಿಲೆ, ಎಷ್ಟು ಬಾಯಿಪಾಠ ಮಾಡಿಸಿದರೂ ಹೋದದ್ದು ಬರುವುದಿಲ್ಲ ಎಂದು ನಾನು ಹೇಳಬೇಕಿತ್ತು. ಕಲಿತದ್ದೇ ಅದನ್ನಲ್ಲವೇ. ಆದರೆ ಮಾಸ್ತರರಿಗೆ ನಾನು ಪಾಠ ಹೇಳುವುದೇ? "ಹೌದು ಮಾಸ್ತರೆ" ಎಂದು ಫೋನಿಟ್ಟೆ.

ನಮ್ಮ ವಿಭಾಗದ ಡಾಕ್ಟರಮ್ಮ ಒಂದು ಪದ್ಧತಿ ಹಾಕಿಕೊಟ್ಟಿದ್ದಾರೆ. ವಯಸ್ಸಾದವರು ಬಿದ್ದು ಪೆಟ್ಟು ಮಾಡಿಕೊಂಡು ಬಂದರೆ ಜೊತೆಗೆ ಬಂದವರನ್ನು ಮೊದಲು ಹೊರಗೆ ಕಳಿಸಬೇಕು, ಯಾರೇ ಇರಲಿ. ನಮ್ಮ ಕಡೆ ಅದು ಸುಲಭವಲ್ಲ. ಒಬ್ಬ ಮುದುಕಿಯ ಜೊತೆ ಐದಾರು ಜನ ಬಂದು ಮಂಚ ಸುತ್ತುವರಿದು ನಿಲ್ಲುತ್ತಾರೆ. ನಾವು ಕೇಳುವುದು ಮುದುಕಿಯನ್ನು, ಉತ್ತರ ಹೇಳುವುದು ಅವರೆಲ್ಲ. ಅವರನ್ನು ಕಳಿಸಿ ಪರದೆ ಎಳೆದು, ಮನೆಯಲ್ಲಿ ಯಾರು ಉಣ್ಣಲು ಕೊಡುತ್ತಾರೆ, ಯಾರದಾದರೂ ಹೆದರಿಕೆ ಇದೆಯೇ ಎಂದು ಅವರ ಮನೆಮಾತಿನಲ್ಲೇ ಕೇಳಬೇಕು. ಬಟ್ಟೆ ಮುಚ್ಚುವ ಜಾಗಗಳನ್ನು ನೋಡಬೇಕು. ಬಿದ್ದವರಿಗೆ ಮೊಣಕಾಲು, ಮೊಣಕೈ, ಹಣೆ ತರಚುತ್ತದೆ. ತೋಳಿನ ಒಳಮಗ್ಗುಲು ಕಪ್ಪಾಗುವುದಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ಇದನ್ನು ಹೇಳಿಕೊಡುತ್ತಿದ್ದವಳು ನಾನೇ. ಅದರಲ್ಲಿ ನನಗೆ ಸ್ವಲ್ಪ ಜಂಭವೂ ಇತ್ತು.

ಒಂದು ಮಧ್ಯಾಹ್ನ ಮಾಸ್ತರರು ಅಮ್ಮನನ್ನು ಕರೆದುಕೊಂಡು ಬಂದರು. ಅಮ್ಮನ ಎಡಗೈ ಮಣಿಕಟ್ಟು ಊದಿಕೊಂಡು ಸೊಟ್ಟಗಾಗಿತ್ತು. ಹಿಂದೆ ಚೀಲ ಹಿಡಿದುಕೊಂಡು ಸೊಸೆ. ನಾನು ಯೂನಿಫಾರ್ಮಿನಲ್ಲೇ ಬಗ್ಗಿ ಮಾಸ್ತರರ ಕಾಲು ಮುಟ್ಟಿದೆ. ಅಮ್ಮನನ್ನು ಮಂಚಕ್ಕೆ ಹತ್ತಿಸಿ, ಪಕ್ಕದಲ್ಲಿ ಮಾಸ್ತರರಿಗೆ ಕುರ್ಚಿ ಹಾಕಿಸಿದೆ. ಆಮೇಲೆ ಸೊಸೆಯ ಕಡೆ ತಿರುಗಿ, "ನೀವು ಹೊರಗೆ ನಿಲ್ಲಿ" ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. "ನಿಯಮ" ಎಂದೆ. ಅವಳು ಹೋದಳು. ಪರದೆ ಎಳೆದೆ. ಮಾಸ್ತರರು ಒಳಗೇ ಉಳಿದರು. ಅವರನ್ನು ಹೊರಗೆ ಕಳಿಸುವುದು ನನ್ನ ತಲೆಗೇ ಬರಲಿಲ್ಲ. ದೇವಸ್ಥಾನದಲ್ಲಿ ದೇವರನ್ನೇ ಆಚೆ ನಿಲ್ಲು ಎಂದ ಹಾಗಾಗುತ್ತಿತ್ತು.

"ಅಮ್ಮಾ, ಹೇಗೆ ಬಿದ್ರಿ?"

ಅಮ್ಮ ಮಾಸ್ತರರ ಮುಖ ನೋಡಿದರು. "ಬಿದ್ದೆ" ಎಂದರು.

"ಮೆಟ್ಟಲ ಮೇಲೆ ಜಾರಿದ್ದು" ಎಂದರು ಮಾಸ್ತರರು.

"ಮನೇಲಿ ಯಾರಾದ್ರೂ ನಿಮ್ಗೆ ನೋವು ಮಾಡ್ತಾರಾ?"

ಮತ್ತೆ ಮಾಸ್ತರರ ಮುಖ. "ಎಲ್ಲಾ ಚಲೋ ಇದಾರೆ."

ಮೊಣಕೈ ಹತ್ತಿರ ಹಳೆಯದೊಂದು ಕಲೆ ಹಳದಿಗೆ ತಿರುಗಿತ್ತು. ರವಿಕೆಯ ತೋಳು ಬಿಗಿಯಿತ್ತು, ಅದನ್ನು ಎತ್ತಿ ನೋಡಲಿಲ್ಲ. ಮಾಸ್ತರರ ಮುಂದೆ ಅಮ್ಮನ ರವಿಕೆಗೆ ಕೈ ಹಾಕುವುದು ಹೇಗೆ? ಆದರೆ ಏನೋ ಸರಿಯಿಲ್ಲ ಎಂಬುದು ಗೊತ್ತಾಗಿತ್ತು, ಯಾರೆಂಬುದೂ ಗೊತ್ತಾಯಿತು ಎಂದುಕೊಂಡೆ. ಸೊಸೆ. ಬೇರೆ ಯಾರು? ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಫೋನು, ಬಂದಾಗಿನಿಂದ ಅತ್ತೆಯನ್ನು ಒಂದು ಮಾತು ಆಡಿಸಿರಲಿಲ್ಲ. ಇಷ್ಟೇ ಸಾಕ್ಷಿ ನನಗೆ. ಸೀರೆಗೆ ಇಸ್ತ್ರಿ ಮಾಡಿದ್ದನ್ನೂ ತಪ್ಪಿನ ಲೆಕ್ಕಕ್ಕೆ ಹಿಡಿದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಹೊರಗೆ ಹೋದೆ. ಬೆಂಚಿನ ತುಂಬ ಜನ. ಅವರೆಲ್ಲರ ಎದುರಿಗೇ, "ಕಲಿತವರು ನೀವು. ನೆನಪಿಲ್ಲದ ಜೀವದ ಮೇಲೆ ಕೈ ಮಾಡೂಕೆ ನಾಚಿಕೆ ಆಗೂದಿಲ್ಲೇನು? ಅಂಥ ಮಾವನ ಮನೆಯಲ್ಲಿ ಇದ್ದುಕೊಂಡು?" ಎಂದೆ.

ಬೆಂಚಿನವರೆಲ್ಲ ನಮ್ಮ ಕಡೆ ತಿರುಗಿದರು. ಸೊಸೆಯ ಮುಖ ಕೆಂಪಾಯಿತು. ತಲೆ ಬಗ್ಗಿಸಲಿಲ್ಲ ಅವಳು, ನನ್ನನ್ನೇ ನೋಡಿದಳು.

"ಬರ್ಕೊಳ್ಳಿ ಸಿಸ್ಟರ್. ನಾನೇ ಅಂತ ಬರ್ಕೊಳ್ಳಿ" ಎಂದಳು. "ಆದ್ರೆ ಅತ್ತೇನ ಇವತ್ತು ಮನೆಗೆ ಮಾತ್ರ ಕಳಿಸ್ಬೇಡಿ."

ನೋಡು, ಅತ್ತೆಯನ್ನು ಇಲ್ಲೇ ಬಿಟ್ಟು ಕೈ ತೊಳೆದುಕೊಳ್ಳುವ ಆಲೋಚನೆ ಎಂದುಕೊಂಡು, ಮೂತಿ ತಿರುಗಿಸಿ ಒಳಗೆ ಬಂದೆ.

ಎಕ್ಸ್‌ರೇಗೆ ಕಳಿಸುವ ಮೊದಲು ಅಮ್ಮನಿಗೆ ಆಸ್ಪತ್ರೆಯ ಅಂಗಿ ತೊಡಿಸಬೇಕಿತ್ತು. ರವಿಕೆ ಬಿಚ್ಚುವ ಹೊತ್ತಾದ್ದರಿಂದ ಮಾಸ್ತರರು ತಾವಾಗಿ ಎದ್ದು ಆಚೆ ಹೋದರು. ಗುಂಡಿ ಬಿಚ್ಚಿ ತೋಳಿಗೆ ಕೈ ಹಾಕಿದೆನೋ ಇಲ್ಲವೋ, ಅಮ್ಮ ಎರಡೂ ತೋಳನ್ನು ಮೈಗೆ ಒತ್ತಿ ಹಿಡಿದರು. "ಇನ್ನು ತಪ್ಪೂದಿಲ್ಲ. ಹೇಳ್ತೆ, ಹೇಳ್ತೆ" ಎಂದರು. ಹೇಳತೊಡಗಿದರು. ಮಗನ ಹೆಸರು. ಊರು ಅಂಕೋಲೆ. ಇವತ್ತು ಸೋಮವಾರ. ಅವತ್ತು ಸೋಮವಾರ ಆಗಿರಲಿಲ್ಲ. ಅದು ತಮಗೂ ಸಂಶಯವಾಯಿತೋ ಏನೋ, ನನ್ನ ಮುಖ ನೋಡಿ ಮಂಗಳವಾರ ಎಂದರು, ಬುಧವಾರ ಎಂದರು, ಆಮೇಲೆ ಅಳತೊಡಗಿದರು. "ಅಮ್ಮಾ, ನಾನು. ಪಾಠ ಎಲ್ಲ ಮುಗೀತು" ಎಂದು ಬೆನ್ನು ಸವರಿದ ಮೇಲೆ ತೋಳು ಸಡಿಲ ಬಿಟ್ಟರು.

ತೋಳಿನ ಒಳಮಗ್ಗುಲ ತುಂಬ ಕಲೆ. ಹೊಸದು ಕೆಂಪು, ಅದಕ್ಕೂ ಹಿಂದಿನದು ನೀಲಿ, ಇನ್ನೂ ಹಳೆಯದು ಹಳದಿ. ವಯಸ್ಸಾದವರ ಚರ್ಮ, ಹಾಲಿನ ಕೆನೆಯಷ್ಟು ತೆಳು. ಒಂದೆರಡು ಕಡೆ ಉಗುರು ಊರಿ ಸಿಪ್ಪೆ ಎದ್ದಿತ್ತು. ಎರಡು ಸಣ್ಣ ಗೆರೆ, ನಡುವೆ ಒಂದು ಚೂರು ಜಾಗ.

ನಾನು ಮೊದಲು ಮಾಡಿದ್ದೇನೆಂದರೆ ಆ ತೋಳನ್ನು ಮುಚ್ಚಿದ್ದು. ಅಂಗಿ ಎಳೆದು ಮುಚ್ಚಿ, ಪರದೆಯ ಸಂದಿಯಿಂದ ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿದೆ. ಅಮ್ಮನ ಸಲುವಾಗಿ ಅಲ್ಲ, ಮಾಸ್ತರರ ಸಲುವಾಗಿ. ಮೆಟ್ಟಿಲ ಮೇಲೆ ಜಾರಿದರು ಎಂದು ಬರೆದರೆ ಯಾರು ಕೇಳುತ್ತಾರೆ ಎಂಬುದು ತಲೆಯಲ್ಲಿ ಬಂದೂ ಹೋಯಿತು. ಅಷ್ಟರಲ್ಲಿ ಅಮ್ಮ ನನ್ನ ಸೆರಗಿಲ್ಲದ ಯೂನಿಫಾರ್ಮಿನ ಅಂಚು ಹಿಡಿದುಕೊಂಡು, "ರಾಮನಗುಳಿ ಬಸ್ಸು ಬಂದ್ರೆ ನಂಗೆ ಹತ್ಸಿ ಬಿಡ್ತಿಯೇನೆ?" ಎಂದರು. ಮುಚ್ಚಿದ ಅಂಗಿಯನ್ನು ಸರಿಸಿ ಆ ಗೆರೆಗಳನ್ನು ಇನ್ನೊಮ್ಮೆ ನೋಡಿ, ಹೊರಗೆ ನಡೆದೆ.

ಮಾಸ್ತರರು ಮೊಗಸಾಲೆಯ ಕಿಟಕಿಯ ಹತ್ತಿರ ನಿಂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಅವರ ಬಲಗೈಯನ್ನೇ ನೋಡುತ್ತ ನಿಂತೆ. ಅವರು ಅದನ್ನು ಗಮನಿಸಿ, ಕೈಯನ್ನು ಹೆಗಲ ಪಂಚೆಯೊಳಗೆ ಎಳೆದುಕೊಂಡರು.

"ಮಾಸ್ತರೆ, ಕೈ ಮುರಿದದ್ದು ಹೇಗೆ?"

"ಹೊರಟಿದ್ಲು. ಬಾಳೆಗುಳಿಗೆ. ಎಳೆದೆ. ಕೊಸರಿಕೊಂಡ್ಲು, ಬಿದ್ಲು." ಪಂಚೆಯ ಅಂಚನ್ನು ಬಿಗಿ ಮಾಡಿಕೊಂಡರು. "ಸುಳ್ಳು ಹೇಳೂದಿಲ್ಲ ತಂಗೀ. ಸಿಟ್ಟು ಬಂದಿತ್ತು."

"ತೋಳಿಗೆ?"

ಅದಕ್ಕೆ ಅವರಿಗೆ ಸಿಟ್ಟೇ ಬಂತು. ಶಾಲೆಯಲ್ಲಿ ಬರುತ್ತಿದ್ದ ಹಾಗೆ ಹುಬ್ಬು ಎದ್ದವು. "ನೀವೆಲ್ಲ ಹಾಗೇ ಕಲ್ತವ್ರು. ನಿಮ್ಗೆಲ್ಲ ಹಾಗೇ ಕಲ್ಸಿದೆ, ಚಲೋ ಆದ್ರಿ. ಅವ್ಳಿಗೂ ನೆನಪು ಬರ್ತದೆ ಅಂದ್ಕಂಡೆ. ನೀನೇ ಹೇಳಿದ್ಯಲ್ಲ ಅವತ್ತು, ಅಷ್ಟು ಜನ್ರ ಮುಂದೆ?" ಎಂದರು. ಹೇಳುತ್ತ ಹೇಳುತ್ತ ಧ್ವನಿ ಇಳಿಯಿತು. ಕಡೆಗೆ ಬಹಳ ಸಣ್ಣ ಧ್ವನಿಯಲ್ಲಿ, "ನಂಗೆ ಬೇರೆ ಏನೂ ಗೊತ್ತಿರ್ಲಿಲ್ಲ ತಂಗೀ" ಎಂದರು.

ನಾನು ಅವರ ಮುಂದೆ ನಿಂತು ಅತ್ತುಬಿಟ್ಟೆ. ಅವರು ನನ್ನನ್ನು ಸಮಾಧಾನ ಮಾಡಲು ಕೈ ಎತ್ತಿದರು, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಂದಕ್ಕೆ ತೆಗೆದುಕೊಂಡರು.

ಡಾಕ್ಟರಮ್ಮನಿಗೆ ಹೇಳಿದೆ. "ನಿಮಗೆ ಖಾತ್ರಿಯಾ?" ಎಂದರು. "ಆ ಉಗುರು ನನಗೆ ಗೊತ್ತು" ಎಂದೆ. ಇಂಥದ್ದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸಿದರು. ಮಗ ಓಡಿ ಬಂದು, "ಅಪ್ಪನ ಹೆಸರು ಹಾಳಾಗ್ತದೆ ಸಿಸ್ಟರ್, ನೀವು ಅವ್ರ ಕೈಯಲ್ಲೇ ಕಲ್ತವ್ರು" ಎಂದು ಕೈ ಮುಗಿದ. ಪೊಲೀಸರು ಬಂದು ಕೇಳಿದಾಗ ಮಾಸ್ತರರು ಎದ್ದು ನಿಂತು ಉತ್ತರ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಮಗನನ್ನು ಮಾತ್ರ ಒಮ್ಮೆ ಗದರಿ ಸುಮ್ಮನಿರಿಸಿದರು. ಕಡೆಗೆ ಅಮ್ಮನ ಹೊಣೆಯನ್ನು ಸೊಸೆಗೆ ಒಪ್ಪಿಸಿ, ಹಗಲು ಹೊತ್ತಿಗೆ ಒಬ್ಬ ಹೆಂಗಸನ್ನು ಇಡುವುದು, ಮಾಸ್ತರರೊಬ್ಬರನ್ನೇ ಅಮ್ಮನ ಜೊತೆ ಬಿಡಬಾರದು ಎಂದು ಮುಚ್ಚಳಿಕೆ ಬರೆಸಿಕೊಂಡರು. ಮಾಸ್ತರರು ಸಹಿ ಹಾಕುವಾಗ ನಾನು ಬೇರೆ ಕಡೆ ನೋಡಿದೆ.

ಆಮೇಲೆ ಸೊಸೆಯ ಹತ್ತಿರ ಹೋದೆ. ಅದೇ ಬೆಂಚಿನ ಮೂಲೆಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜನರೆಲ್ಲ ಇದ್ದಾಗ ಬೈದವಳು ಜನರೆಲ್ಲ ಹೋದ ಮೇಲೆ ತಪ್ಪಾಯಿತು ಎಂದೆ. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅತ್ತೆಗೆ ಸ್ನಾನ ಮಾಡಿಸುವಾಗ ನೋಡಿದ್ದೆ" ಎಂದಳು. "ಇವರಿಗೆ ಹೇಳಿದೆ. ಅಪ್ಪನ ಬಗ್ಗೆ ಹಾಗೆಲ್ಲ ಮಾತಾಡ್ಬೇಡ ಅಂದ್ರು. ಊರಿಡೀ ಮಾವೋರ ಶಿಷ್ಯರು, ಸಿಸ್ಟರ್. ನಾ ಯಾರ ಹತ್ರ ಹೇಳೂದು? ಸೊಸೆ ಮಾತು ಯಾರು ಕೇಳ್ತಾರೆ?"

"ನನಗಾದರೂ ಹೇಳಬಹುದಿತ್ತಲ್ಲ."

"ಅದಕ್ಕೇ ಕಾರವಾರಕ್ಕೆ ಕರ್ಕೊಂಡು ಬಂದದ್ದು. ಕೈ ಮುರಿದ್ರೆ ಅಂಕೋಲೆಯಲ್ಲೇ ತೋರಿಸಬಹುದಿತ್ತು. ನೀವು ಅವತ್ತು ವೇದಿಕೆ ಮೇಲೆ ಆ ಚಿವುಟಿನ ಬಗ್ಗೆ ಹೇಳಿದ್ರಲ್ಲ, ನೀವಾದ್ರೆ ನೋಡಿದ ಕೂಡಲೇ ಗುರುತು ಹಿಡೀತೀರಿ ಅಂದ್ಕೊಂಡೆ." ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಹೇಳೂಕೆ ಬಂದೆ. ಹೊರಗೆ ಹೋಗಿ ಅಂದ್ರಿ. ಇರ್ಲಿ ಬಿಡಿ."

ಇರಲಿ ಬಿಡಿ ಎಂದದ್ದನ್ನು ನಾನು ಈವರೆಗೂ ಬಿಡಲಿಕ್ಕಾಗಿಲ್ಲ. ಕದ್ವಾಡಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಎಷ್ಟೋ ಸಲ ಅದನ್ನೇ ನೆನೆದು, ಪಕ್ಕದವರಿಗೆ ಕಾಣದಂತೆ ಮುಖ ಕಿಟಕಿಗೆ ತಿರುಗಿಸಿದ್ದೇನೆ.

ಆಮೇಲಿನ ಮಾಸ್ತರರು ಬೇರೆಯೇ ಮನುಷ್ಯ. ಪೇಟೆಗೆ ಬರುವುದನ್ನು ಬಿಟ್ಟರು. ಶಿಷ್ಯರು ಯಾರಾದರೂ ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿಯುತ್ತಿದ್ದರು. ನಾನು ಹೋದಾಗ ಮುಂದಿನ ಕೋಣೆಯಲ್ಲಿ ಪಂಚೆ ಹೊದ್ದು ಕೂತಿರುತ್ತಿದ್ದರು. ಒಳಗೆ ಅಮ್ಮ ಸೊಸೆಯ ಹಿಂದೆ ಹಿಂದೆ ಓಡಾಡುತ್ತ, ನಿನ್ನ ಹೆಸರೇನೆ ಎಂದು ಮತ್ತೆ ಮತ್ತೆ ಕೇಳುವುದು, ಅವಳು ಪ್ರತಿ ಸಲ ಮೊದಲ ಸಲದಂತೆ ಹೇಳುವುದು ಕೇಳಿಸುತ್ತಿತ್ತು. ಅಮ್ಮನ ಮೈ ತುಂಬಿಕೊಂಡಿತ್ತು, ತೋಳು ಸ್ವಚ್ಛವಾಗಿತ್ತು. ನಾನು ಪ್ರತಿ ಸಲ ಎತ್ತಿ ನೋಡುತ್ತಿದ್ದೆ. ಸೊಸೆ ತಾನೇ ಕರೆದು ತೋರಿಸುತ್ತಿದ್ದಳು, ಅದು ಇನ್ನೂ ನಾಚಿಕೆ. ಮಾಸ್ತರರು ನನ್ನ ಹತ್ತಿರ ಕೇಳುತ್ತಿದ್ದದ್ದು ಒಂದೇ, "ಅವ್ಳಿಗೆ ಹೆದ್ರಿಕೆ ಕಡಿಮೆ ಆಯ್ತಾ?" ಆಗಿದೆ ಎನ್ನುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅವರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ತೊದಲಿತು, ಕೈ ಏಳದಾಯಿತು. ಅವರನ್ನು ನೋಡಿಕೊಳ್ಳುವುದೂ ಸೊಸೆಗೇ ಬಂತು. ಚಳಿಗಾಲದ ಹೊತ್ತಿಗೆ ಕಫ ಕಟ್ಟಿ ಉಸಿರಾಟ ಕಷ್ಟವಾಗಿ, ಆಂಬುಲೆನ್ಸಿನಲ್ಲಿ ನಮ್ಮಲ್ಲಿಗೇ ಕರೆತಂದರು. ಅದಾದ ವಾರದೊಳಗೆ ವಾರ್ಡಿನಲ್ಲಿ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ, ಊರಿಗೆ ಊರೇ ಬಂದಿತ್ತು. ಆದರೆ ಮಾಸ್ತರರ ಕೊನೆ ಎಂದರೆ ನನಗೆ ನೆನಪಾಗುವುದು ತುರ್ತು ವಿಭಾಗಕ್ಕೆ ಬಂದ ಆ ಬೆಳಿಗ್ಗೆಯೇ.

ಆಕ್ಸಿಜನ್ ಹಾಕಿದ ಮೇಲೆ ಉಸಿರು ಸ್ವಲ್ಪ ಹದಕ್ಕೆ ಬಂತು. ವಯಸ್ಸಾದವರು, ಹಾಸಿಗೆ ಹಿಡಿದವರು, ಸೊಂಟದ ಹತ್ತಿರ ಒಂದು ಕಡೆ ಚರ್ಮ ಕೆಂಪಾಗಿದೆ. ಕೇಳಲೇಬೇಕು, ಯಾರೇ ಇರಲಿ. ಸೊಸೆ ಅವರ ತಲೆಯ ಹತ್ತಿರ ನಿಂತು ಜೊಲ್ಲು ಒರೆಸುತ್ತಿದ್ದಳು. "ನೀವು ಸ್ವಲ್ಪ" ಎಂದೆ. ಅವಳು ವಸ್ತ್ರವನ್ನು ಮಡಚಿ ದಿಂಬಿನ ಪಕ್ಕಕ್ಕಿಟ್ಟು ತಾನಾಗಿ ಹೊರಗೆ ನಡೆದಳು. ಪರದೆ ಎಳೆದೆ.

"ಮಾಸ್ತರೆ, ಹೊತ್ತು ಹೊತ್ತಿಗೆ ಉಣ್ಣೂಕೆ ಕೊಡ್ತಾರಾ?"

ಕೊಡುತ್ತಾರೆ ಎಂಬಂತೆ ಕಣ್ಣು ಮುಚ್ಚಿ ತೆರೆದರು.

"ಮನೇಲಿ ಯಾರ್ದಾದ್ರೂ ಹೆದ್ರಿಕೆ ಅದ್ಯಾ?"

"ಅದೆ" ಎಂದರು. ತೊದಲಿದರೂ ಸ್ಪಷ್ಟವಾಗಿ ಕೇಳಿಸಿತು.

"ಯಾರ್ದು?"

"ಸೊಸೆದು."

ನಾನು ಬಗ್ಗಿ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದೆ. ಒಂದೊಂದೇ ಮಾತನ್ನು ಉಸಿರು ಹಿಡಿದು ಹಿಡಿದು ಹೇಳಿದರು.

"ಅತ್ತೆಗೆ ಉಣ್ಸಿ ಬಂದು, ನಂಗೆ ಉಣ್ಸ್ತಾಳೆ. ಬಾಯಿ ಒರ್ಸ್ತಾಳೆ. ಎಷ್ಟ್ ಚೆಲ್ಲಿದ್ರೂ, ಸಿಟ್ಟಿಲ್ಲ." ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ಒಂದ್ಸಲ ಬೈಬಾರ್ದಾ ತಂಗೀ. ಒಂದೇ ಸಲ. ನಂಗೆ ತಡಿಯೂಕೆ ಆಗೂದಿಲ್ಲ."

ಕಣ್ಣಿನ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಸೊಸೆ ಮಡಚಿಟ್ಟ ವಸ್ತ್ರದಿಂದ ಒರೆಸಿದೆ. ನನ್ನನ್ನೂ ಬೈದಿರಲಿಲ್ಲ ಅವಳು.

ಪರದೆಯ ಆಚೆ ಚಪ್ಪಲಿಯ ಸಪ್ಪಳವಾಯಿತು. ಹೊರಗೆ ನಿಂತೇ ಅವಳು ಕೇಳಿದಳು.

"ಸಿಸ್ಟರ್, ಕೇಳಿ ಆಯ್ತಾ? ನಾ ಈಗ ಒಳಗೆ ಬರಬಹುದಾ?"